ಉಡಿ ಬೇಡವೆಂದ ಮನೆಮಗಳು

ಕಳೆದ ಆಗಸ್ಟ್ ತಿಂಗಳಲ್ಲಿ ನಮ್ಮ ಕಡೆಯ ವಾರಪತ್ರಿಕೆಯೊಂದು ‘ತವರಿಗೆ ಬೆನ್ನು ತಿರುಗಿಸಿದ ವಿದೇಶಿ ಮಗಳು’ ಎಂಬ ತಲೆಬರಹದಡಿ ಅರ್ಧ ಪುಟದ ಬರಹವನ್ನು ಪ್ರಕಟಿಸಿತು. ಹೆಸರು ಹಾಕಿರಲಿಲ್ಲ. ಬೆಟಗೇರಿ, ಮಗ್ಗದ ಮನೆ, ಈಗ ಮುಂಡರಗಿಯಲ್ಲಿ ಶಿಕ್ಷಕಿ ಎಂದೆಲ್ಲ ಬರೆದ ಮೇಲೆ ಹೆಸರು ಹಾಕುವ ಅಗತ್ಯವಾದರೂ ಏನಿತ್ತು? ಆಕೆ ಲಂಡನ್ನಿನಲ್ಲಿ ಹುಟ್ಟಿದವಳಂತೆ, ಐಷಾರಾಮದಲ್ಲಿ ಬೆಳೆದವಳಂತೆ, ಹಿರಿಯಳು ಪ್ರೀತಿಯಿಂದ ತುಂಬಲು ಬಂದ ಉಡಿಯನ್ನು ತಳ್ಳಿದವಳಂತೆ, ಪಂಚಮಿಗೆ ಬಂದು ಎರಡೇ ದಿನಕ್ಕೆ ತವರು ಬಿಟ್ಟು ಹೋದವಳಂತೆ. ಇದರಲ್ಲಿ ಕೊನೆಯದು ಮಾತ್ರ ನಿಜ. ಉಡಿಯ ಸಂಗತಿ ಅರ್ಧ ನಿಜ, ಮತ್ತು ಅರ್ಧ ನಿಜದಿಂದ ಆಗುವ ಹಾನಿ ಪೂರ್ತಿ ಸುಳ್ಳಿನಿಂದ ಆಗುವುದಿಲ್ಲ. ತಿದ್ದುಪಡಿ ಕೋರಿ ನಾನು ಸಂಪಾದಕರಿಗೆ ಎರಡು ಪತ್ರ ಬರೆದೆ. ಉತ್ತರ ಬರಲಿಲ್ಲ. ಆದ್ದರಿಂದ ಈ ಬರಹ. ಆ ಮಗಳು, ರೋಹಿಣಿ, ಇದಕ್ಕೆ ಒಪ್ಪಿಗೆ ಕೊಟ್ಟಿದ್ದಾಳೆ. ‘ಹೆಸರು ಹಾಕ್ರಿ ಮಾಸ್ತರ, ನಾ ಏನ್ ಕಳುವು ಮಾಡೀನೇನು’ ಎಂದಿದ್ದಾಳೆ.

ಅವಳು ಹುಟ್ಟಿದ್ದು 1982ರ ಡಿಸೆಂಬರ್ 9ರಂದು, ಬೆಟಗೇರಿಯ ನಮ್ಮ ಓಣಿಯಲ್ಲಿ, ನಮ್ಮ ಮನೆಯಿಂದ ನಾಲ್ಕನೆಯ ಮನೆಯಲ್ಲಿ. ಅವಳ ಅಜ್ಜಿ ಶಾರದವ್ವನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಹುಚ್ಚೀರಪ್ಪ, ಮನೆಯ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದವನು. ಕಿರಿಯವನು ಸಿದ್ದರಾಮ. ಅವನಿಗೆ ಮಗ್ಗದಲ್ಲಿ ಕೂರುವುದಕ್ಕಿಂತ ಮಗ್ಗವನ್ನು ಬಿಚ್ಚಿ ಜೋಡಿಸುವುದರಲ್ಲಿ ಆಸಕ್ತಿ. ಹುಬ್ಬಳ್ಳಿಯ ಗಿರಣಿಯೊಂದರಲ್ಲಿ ಆರು ವರ್ಷ ಫಿಟರ್ ಆಗಿದ್ದ. 1985ರ ಮೇ ತಿಂಗಳಲ್ಲಿ ಮುಂಬಯಿಯ ದಲಾಲನೊಬ್ಬನ ಮೂಲಕ ನೈಜೀರಿಯಾ ದೇಶದ ಕಡುನಾ ಎಂಬ ಊರಿನ ಬಟ್ಟೆಗಿರಣಿಗೆ ಹೋದ. ಅದೇ ಅಕ್ಟೋಬರಿನಲ್ಲಿ ಹೆಂಡತಿ ಶಿವಲಕ್ಷ್ಮಿಯೂ ಮಗಳು ರೋಹಿಣಿಯೂ ಅವನನ್ನು ಸೇರಿಕೊಂಡರು. ಮಗುವಿಗೆ ಆಗ ಎರಡು ವರ್ಷ ಹತ್ತು ತಿಂಗಳು.

ನಾನು ಆಗ ಅಂಚೆ ಇಲಾಖೆಯಲ್ಲಿ ಪೋಸ್ಟ್ ಮಾಸ್ತರನಾಗಿದ್ದೆ. ಶಾರದವ್ವನಿಗೆ ಓದಲು ಬರುತ್ತಿರಲಿಲ್ಲ. ಹುಚ್ಚೀರಪ್ಪನಿಗೆ ಬರುತ್ತಿತ್ತಾದರೂ ಮಗನ ಪತ್ರವನ್ನು ಇನ್ನೊಬ್ಬ ಮಗನಿಂದ ಓದಿಸಿಕೊಳ್ಳುವುದು ಆಕೆಗೆ ಸರಿಬರುತ್ತಿರಲಿಲ್ಲ. ಹೀಗಾಗಿ 1985ರಿಂದ ಆಕೆ ತೀರಿಕೊಂಡ 2001ರವರೆಗೆ ವಿದೇಶದ ಆ ಪತ್ರಗಳನ್ನು ಓದಿ ಹೇಳಿದವನು ನಾನು, ಉತ್ತರ ಬರೆದವನೂ ನಾನು. ಮುಂದೆ ನಾನು ಹೇಳುವ ಊರು, ವರ್ಷ ಎಲ್ಲವೂ ಆ ಪತ್ರಗಳ ಆಧಾರದ ಮೇಲೆ.

ಕಡುನಾದಲ್ಲಿ ಆರು ವರ್ಷ. 1991ರಲ್ಲಿ ಆ ಗಿರಣಿ ನಿಂತಿತು. ಸಿದ್ದರಾಮ ಟಾಂಜಾನಿಯಾದ ಮ್ವಾಂಝಾ ಊರಿಗೆ ಹೋದ. ಅಲ್ಲಿ ನಾಲ್ಕು ವರ್ಷ. 1995ರಲ್ಲಿ ಇಂಡೋನೇಷ್ಯಾದ ಬಾಂಡುಂಗ್. 1998ರಲ್ಲಿ ಅಲ್ಲಿ ಗಲಭೆಗಳಾಗಿ, ಗಿರಣಿ ಮುಚ್ಚಿ, ಮಾರಿಷಸ್. ಶಿವಲಕ್ಷ್ಮಿ 2002ರ ನವೆಂಬರಿನಲ್ಲಿ ಮಾರಿಷಸ್‌ನಲ್ಲೇ ತೀರಿಕೊಂಡಳು. 2006ರಲ್ಲಿ ರೋಹಿಣಿಗೆ ಮಸ್ಕತ್ತಿನ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಕೆಲಸವಿಲ್ಲದ ತಂದೆಯೂ ಅವಳೊಂದಿಗೆ ಹೋದ. ಲಂಡನ್ ಎಲ್ಲಿಯೂ ಇಲ್ಲ. ಐಷಾರಾಮವೂ ಇಲ್ಲ: ಗಿರಣಿಯ ಕಾಂಪೌಂಡಿನೊಳಗಿನ ಎರಡು ಕೋಣೆಯ ಮನೆ, ಪ್ರತಿ ಊರಿನಲ್ಲೂ ಹೊಸ ಶಾಲೆ, ಹೊಸ ಭಾಷೆ, ತರಗತಿಯ ಕೊನೆಯ ಬೆಂಚು. ಮ್ವಾಂಝಾದಿಂದ ಬಂದ ಒಂದು ಪತ್ರದ ಅಡಿಯಲ್ಲಿ ರೋಹಿಣಿ ಅಜ್ಜಿಗೆ ತಾನೇ ಬರೆದಿದ್ದಳು: ‘ಆಯಿ, ನನಗೆ ಇಲ್ಲಿ ಒಬ್ಬ ಗೆಳತಿ ಆಗಿದ್ದಾಳೆ. ಅಪ್ಪನಿಗೆ ಹೇಳಬೇಡ, ಹೇಳಿದರೆ ಹೊರಡುತ್ತಾರೆ.’

ಆ ಮೂವತ್ತಾರು ವರ್ಷಗಳಲ್ಲಿ ಅವಳು ಬೆಟಗೇರಿಗೆ ಬಂದದ್ದು ಎರಡೇ ಸಲ, 1988ರಲ್ಲಿ ಇಪ್ಪತ್ತೊಂದು ದಿನ, 1993ರಲ್ಲಿ ಇಪ್ಪತ್ತು ದಿನ. ಒಟ್ಟು ನಲವತ್ತೊಂದು ದಿನ.

ಇಲ್ಲಿ ಉಡಿಯ ವಿಷಯವನ್ನು ಹೇಳಬೇಕು. ಹೆಣ್ಣುಮಗಳ ಸೆರಗನ್ನು ಮಡಿಲಾಗಿ ಹಿಡಿಸಿ ಅದರಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಷಿಣದ ಬೇರು, ಉತ್ತತ್ತಿ, ಎಲೆ ಅಡಿಕೆ, ಕುಪ್ಪಸದ ಖಣ ಹಾಕಿ ಹರಸುವುದು ಉಡಿ ತುಂಬುವುದು. ಮಗಳು ತವರಿನಿಂದ ಹೊರಡುವಾಗ ತುಂಬುತ್ತಾರೆ. ಹೊರಡುವಾಗ ಮಾತ್ರ ಅಲ್ಲ, ಆ ಮಾತನ್ನು ಆಮೇಲೆ ಹೇಳುತ್ತೇನೆ. 1991ರಲ್ಲಿ ಕಡುನಾ ಬಿಡುವ ಸುದ್ದಿ ಬಂದಾಗ ಶಾರದವ್ವ ನನ್ನಿಂದ ಹೀಗೆ ಬರೆಯಿಸಿದಳು: ‘ಎಲ್ಲೇ ಇದ್ದರೂ ಉಡಿ ತುಂಬಿಸಿಕೊಳ್ಳದೆ ಮನೆ ಬಿಡಬೇಡಿರಿ. ತುಂಬುವವರು ಇಲ್ಲದಿದ್ದರೆ ಶಿವಲಕ್ಷ್ಮಿಯೇ ದೇವರ ಮುಂದೆ ತನಗೂ ಮಗಳಿಗೂ ತುಂಬಿಕೊಳ್ಳಲಿ.’ ಶಿವಲಕ್ಷ್ಮಿ ಹಾಗೆಯೇ ಮಾಡಿದಳು. ಮಗಳ ಫ್ರಾಕಿನ ಅಂಚನ್ನೇ ಉಡಿ ಮಾಡಿ ಅಕ್ಕಿ ಹಾಕಿದೆನೆಂದೂ, ಮಗಳು ಅತ್ತಳೆಂದೂ ಉತ್ತರ ಬಂತು. 1995ರಲ್ಲಿ ಮ್ವಾಂಝಾದಿಂದ ಬರೆದಳು: ಉಡಿಗೆಂದು ತಂದಿಟ್ಟ ತೆಂಗಿನಕಾಯಿ ಕಾಣೆಯಾಗಿತ್ತು, ಹನ್ನೆರಡು ವರ್ಷದ ರೋಹಿಣಿ ಅದನ್ನು ನೀರಿನ ಟಾಕಿಯ ಹಿಂದೆ ಬಚ್ಚಿಟ್ಟಿದ್ದಳು, ಕಾಯಿ ಸಿಗದಿದ್ದರೆ ಹೊರಡುವುದು ನಿಲ್ಲುತ್ತದೆಂದು ತಿಳಿದಿದ್ದಳು. ಇದನ್ನು ಓದಿ ಹೇಳಿದಾಗ ಶಾರದವ್ವ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ನಾನೂ ನಕ್ಕೆ. ನಗುವ ಸಂಗತಿ ಅದಾಗಿರಲಿಲ್ಲ.

ಸಿದ್ದರಾಮ 2022ರ ಜನವರಿ 14ರಂದು ಮಸ್ಕತ್ತಿನಲ್ಲಿ ತೀರಿಕೊಂಡ. ಅದೇ ಜೂನ್ 11ರಂದು ರೋಹಿಣಿ ಎರಡು ಪೆಟ್ಟಿಗೆಗಳೊಂದಿಗೆ ಬೆಟಗೇರಿಗೆ ಬಂದಳು. ಮದುವೆಯಾಗಿರಲಿಲ್ಲ; ಮೂವತ್ತೊಂಬತ್ತು ವರ್ಷ. ಬಂದದ್ದು ನೋಡಲು ಅಲ್ಲ, ಇರಲು. ತಂದೆ ಪ್ರತಿ ದೇಶದಲ್ಲೂ ಅವಳಿಗೆ ಒಂದೇ ಮಾತು ಹೇಳುತ್ತ ಬಂದಿದ್ದ: ‘ಬೆಟಗೇರಿ ಮನ್ಯಾಗ ನಂದೊಂದು ಖೋಲಿ ಐತಿ. ಯಾರೂ ಹೊರಗ ಹಾಕದ ಜಾಗ ಅದೊಂದ.’

ಆ ಖೋಲಿ ಇರಲಿಲ್ಲ. 1997ರಲ್ಲಿ ಹುಚ್ಚೀರಪ್ಪ ಕುಣಿಮಗ್ಗ ತೆಗೆದು ಎರಡು ವಿದ್ಯುತ್ ಮಗ್ಗ ಹಾಕಿಸಿದಾಗ ನಡುವಿನ ಗೋಡೆ ಒಡೆದು ಖೋಲಿಯನ್ನು ಮಗ್ಗದ ಕೋಣೆಗೆ ಸೇರಿಸಿದ್ದ. ತಮ್ಮನ ಒಪ್ಪಿಗೆ ಕೇಳಿ ಬರೆದ ಪತ್ರ ನನ್ನ ಕೈಬರಹದ್ದು. ಒಪ್ಪಿಗೆಯ ಉತ್ತರವೂ ಬಂದಿತ್ತು. ಸಿದ್ದರಾಮ ಮಗಳಿಗೆ ಮಾತ್ರ ಹೇಳಿರಲಿಲ್ಲ. ಇಪ್ಪತ್ತೈದು ವರ್ಷ ಇಲ್ಲದ ಖೋಲಿಯನ್ನು ಇದೆ ಎನ್ನುತ್ತಲೇ ಹೋದ. ಅವನನ್ನು ಈ ವಿಷಯದಲ್ಲಿ ನಾನು ಕ್ಷಮಿಸಿಲ್ಲ.

ಹುಚ್ಚೀರಪ್ಪ 2014ರಲ್ಲೇ ತೀರಿಹೋಗಿದ್ದ. ಮನೆಯಲ್ಲಿದ್ದವರು ಅವನ ಹೆಂಡತಿ ಬನಶಂಕರೆವ್ವ, ಮಗ ಮುತ್ತುರಾಜ, ಸೊಸೆ. ಯಾರೂ ಕೆಟ್ಟವರಲ್ಲ. ಬನಶಂಕರೆವ್ವ ಹೊಸ ಗಾದಿ ಹೊಲಿಸಿ ಪಡಸಾಲೆಯಲ್ಲಿ ಹಾಸಿದಳು, ಹಬ್ಬಕ್ಕೆ ತೆಗೆಯುವ ತಾಟಿನಲ್ಲಿ ಉಣಬಡಿಸಿದಳು. ರೋಹಿಣಿ ಅಡಿಗೆಮನೆಗೆ ಹೋದರೆ ಸೊಸೆ ಎದ್ದು ನಿಲ್ಲುತ್ತಿದ್ದಳು.

‘ನೀವ್ಯಾಕ್ರಿ ಅಕ್ಕಾರ? ನಾಕ ದಿನ ಇರಾಕ ಬಂದೀರಿ, ಆರಾಮ ಕುಂಡ್ರಿ.’

‘ನಾಕ ದಿನಕ್ಕಂತ ಬಂದಿಲ್ಲ ನಾ.’

‘ಆತ್ರಿ, ಎಂಟ ದಿನ ಇರ್ರಿ. ಯಾರ ಬ್ಯಾಡ ಅಂತಾರ?’

ಓಣಿಯವರ ಪ್ರಶ್ನೆಗಳು ಬೇರೆ. ಹೊಸಬರನ್ನು ಕಂಡರೆ ಯಾವೂರು, ಯಾರ ಪೈಕಿ ಎಂದು ಕೇಳುವುದು ನಮ್ಮ ಕಡೆಯ ಪದ್ಧತಿ, ಅದರಲ್ಲಿ ತಪ್ಪಿಲ್ಲ. ಉತ್ತರ ಕೊಟ್ಟ ಮೇಲೂ ಅದನ್ನು ನಂಬದಿರುವುದು ತಪ್ಪು. ನನ್ನ ಕಟ್ಟೆಯ ಮೇಲೆ ಕುಳಿತು ಒಮ್ಮೆ ನಾನೇ ಕೇಳಿಸಿಕೊಂಡ ಮಾತು ಇದು. ಬೀದಿಯಲ್ಲಿ ಬಂದ ಒಬ್ಬ ಹೆಂಗಸು ರೋಹಿಣಿಯನ್ನು ತಡೆದು ನಿಲ್ಲಿಸಿದ್ದಳು.

‘ಯಾವೂರ್ರಿ ನಿಮ್ದು?’

‘ಇದ ಊರ್ರಿ.’

‘ಇದ ಅಂದ್ರ?’

‘ಬೆಟಗೇರಿ. ಇದ ಓಣಿ.’

‘ಅಲ್ರಿ, ಅದು ಖರೆ. ಆದ್ರ ನಿಮ್ಮೂರು ಯಾವುದು?’

ರೋಹಿಣಿ ತನ್ನ ಮನೆಯ ಬಾಗಿಲ ಕಡೆ ಕೈ ತೋರಿಸಿದಳು. ಆ ಹೆಂಗಸು ಅದನ್ನು ಉತ್ತರವೆಂದು ಒಪ್ಪದೆ ಬೇಸರದಿಂದ ಹೊರಟುಹೋದಳು.

ವಿಚಿತ್ರವೆಂದರೆ ಅವಳ ಕನ್ನಡ ಓಣಿಯವರ ಕನ್ನಡಕ್ಕಿಂತ ಹಳೆಯದು. 1985ರಲ್ಲಿ ಶಿವಲಕ್ಷ್ಮಿ ಒಯ್ದ ಬೆಟಗೇರಿಯ ಮಾತು ಆ ಗಿರಣಿ ಮನೆಗಳಲ್ಲಿ ಬದಲಾಗದೆ ಉಳಿದಿತ್ತು. ಬಸ್ ನಿಲ್ದಾಣಕ್ಕೆ ಅವಳು ‘ಮೋಟಾರ ಸ್ಟ್ಯಾಂಡ’ ಅನ್ನುತ್ತಿದ್ದಳು, ಸುದ್ದಿಗೆ ‘ಖಬರ’ ಅನ್ನುತ್ತಿದ್ದಳು. ಮುತ್ತುರಾಜ ಚೇಷ್ಟೆ ಮಾಡುತ್ತಿದ್ದ: ‘ಅಕ್ಕಾ, ನೀ ಥೇಟ್ ನಮ್ಮ ಆಯಿ ಮಾತಾಡಿದಂಗ ಮಾತಾಡ್ತೀ ನೋಡು. ಆಕಿ ಸತ್ತು ಇಪ್ಪತ್ತೊಂದು ವರ್ಷ ಆತು.’ ಅವಳೂ ನಗುತ್ತಿದ್ದಳು. ಕೆಲವು ದಿನಗಳ ನಂತರ ಮಾತನ್ನೇ ಕಡಿಮೆ ಮಾಡಿದಳು.

ಜುಲೈ ತಿಂಗಳಲ್ಲಿ ತಾಯಿಯ ಕಡೆಯವರನ್ನು ಹುಡುಕಿಕೊಂಡು ಲಕ್ಷ್ಮೇಶ್ವರಕ್ಕೆ ಹೋದಳು. ಸೋದರಮಾವ ಬದುಕಿರಲಿಲ್ಲ, ಅವನ ಮಕ್ಕಳು ಊಟ ಹಾಕಿ, ಉಡಿ ತುಂಬಿ, ಮೂರು ಗಂಟೆಯ ಬಸ್ಸಿಗೆ ಕಳಿಸಿದರು. ಶಿರಹಟ್ಟಿಯಲ್ಲಿ ತಾಯಿಯ ತಂಗಿ ಇದ್ದಾಳೆ. ಆಕೆ ಒಂದು ದಿನ ಇರಿಸಿಕೊಂಡು, ಅತ್ತು, ಉಡಿ ತುಂಬಿ ಕಳಿಸಿದಳು. ಎರಡೂ ಮನೆಯವರು ಕರ್ತವ್ಯದಲ್ಲಿ ಕೊರತೆ ಮಾಡಲಿಲ್ಲ. ರೋಹಿಣಿ ಎರಡೂ ಸಲ ಮಡಿಲಲ್ಲಿ ಅಕ್ಕಿ ಹಿಡಿದುಕೊಂಡು ಬಸ್ಸಿನಲ್ಲಿ ಒಬ್ಬಳೇ ಬಂದಳು. ಬಂದು ನಮ್ಮ ಕಟ್ಟೆಯ ಮೇಲೆ ಕುಳಿತು ಕೇಳಿದಳು: ‘ಮಾಸ್ತರ, ಈ ಕಡೆ ಯಾರರ ಬರ್ರಿ ಅಂದ್ರ ಹೋಗ್ರಿ ಅಂತ ಅರ್ಥ ಏನ್ರಿ?’ ನಾನು ಹಾಗೇನೂ ಇಲ್ಲವೆಂದು ಹೇಳಿ ಪದ್ಧತಿಗಳ ಬಗೆಗೆ ಉದ್ದವಾದ ವಿವರಣೆ ಕೊಟ್ಟೆ. ಅವಳು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ.

ಈಗ 2022ರ ಆಗಸ್ಟ್ 19, ಶ್ರಾವಣದ ನಾಲ್ಕನೆಯ ಶುಕ್ರವಾರ. ಅಂದು ನಡೆದದ್ದನ್ನು ನಾನು ಕಣ್ಣಾರೆ ನೋಡಿಲ್ಲ. ಅಲ್ಲಿದ್ದ ನನ್ನ ಪತ್ನಿ ಹೇಳಿದ್ದನ್ನು ಇನ್ನಿಬ್ಬರು ಹೆಣ್ಣುಮಕ್ಕಳನ್ನು ಕೇಳಿ ಖಚಿತಪಡಿಸಿಕೊಂಡಿದ್ದೇನೆ. ವಾರಪತ್ರಿಕೆಯವರು ಯಾರನ್ನೂ ಕೇಳಿಲ್ಲ.

ಆ ಮನೆಯಲ್ಲಿ ಒಂದು ಪದ್ಧತಿ ಇದೆ; ಅದನ್ನು ನಡೆಸುವವಳು ಮನೆಯ ಹಿರಿಯಳೇ, ಗಂಡ ಇರಲಿ ಇಲ್ಲದಿರಲಿ. ಶ್ರಾವಣದ ನಾಲ್ಕನೆಯ ಶುಕ್ರವಾರ ಮೊದಲು ದೇವಿಗೆ ಉಡಿ ತುಂಬಿ, ನಂತರ ಆ ಮನೆಯಲ್ಲಿ ವಾಸವಾಗಿರುವ ಹೆಣ್ಣುಮಕ್ಕಳಿಗೆಲ್ಲ, ಮದುವೆಯಾಗಿರಲಿ ಬಿಡಲಿ, ತುಂಬುತ್ತಾರೆ. ಗಮನಿಸಬೇಕು: ವಾಸವಾಗಿರುವವರಿಗೆ. ಬೇರೆ ಊರಿನಲ್ಲಿರುವ ಹೆಣ್ಣುಮಕ್ಕಳಿಗೆ ಅಂದು ತುಂಬುವುದಿಲ್ಲ. ಹಿಂದಿನ ದಿನ ಸೊಸೆ ‘ಅಕ್ಕಾರಿಗೂ ಏನ್ರಿ ಅತ್ತಿ?’ ಎಂದು ಕೇಳಿದಾಗ ಬನಶಂಕರೆವ್ವ ಹೇಳಿದ್ದಳಂತೆ: ‘ಮತ್ತ? ಎರಡು ತಿಂಗಳಾತು ಬಂದು. ಸಿದ್ದರಾಮನ ಮಗಳು, ಮನ್ಯಾಕಿ. ಆಕಿನ್ನ ಬಿಟ್ಟು ಹೆಂಗ ತುಂಬಲಿ?’ ಎಂದರೆ ರೋಹಿಣಿ ಯಾವುದಕ್ಕಾಗಿ ಅಷ್ಟು ದೂರದಿಂದ ಬಂದಿದ್ದಳೋ ಅದನ್ನೇ ಕೊಡಲು ಆ ಹಿರಿಯಳು ಸಿದ್ಧಳಾಗಿದ್ದಳು. ಇದನ್ನು ರೋಹಿಣಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಮನೆಯವಳಿಗೆ ಮನೆಯ ಪದ್ಧತಿಯನ್ನು ಹೇಳುವುದೆಂದರೆ ಅವಳನ್ನು ಹೊರಗಿನವಳೆಂದು ಭಾವಿಸಿದಂತೆ ಎಂದು ಬನಶಂಕರೆವ್ವನ ಎಣಿಕೆ.

ಸಾಯಂಕಾಲ ಓಣಿಯ ಹತ್ತು ಹನ್ನೆರಡು ಹೆಂಗಸರು ಬಂದಿದ್ದರು. ಸೊಸೆಗೆ ಉಡಿ ತುಂಬಿ ಆಯಿತು. ಬನಶಂಕರೆವ್ವ ತಾಟನ್ನು ಎತ್ತಿಕೊಂಡು ರೋಹಿಣಿಯ ಕಡೆ ತಿರುಗಿದಳು. ‘ಬಾರವಾ, ಸೆರಗ ಹಿಡಿ.’

ರೋಹಿಣಿ ತಾಟನ್ನು ನೋಡಿದಳು. ಮುಖ ಬಿಳಿಚಿಕೊಂಡಿತೆಂದು ಮೂವರೂ ಹೇಳುತ್ತಾರೆ.

‘ಬ್ಯಾಡ ದೊಡ್ಡವ್ವ.’

‘ನಾಚಿಕಿ ಏನ? ಬಾ.’

‘ನನಗ ಬ್ಯಾಡ. ಇವತ್ತ ಬ್ಯಾಡ.’

‘ಇವತ್ತ ಅಲ್ದ ಮತ್ಯಾವತ್ತ?’ ಎಂದು ಬನಶಂಕರೆವ್ವ ನಗುತ್ತಲೇ ಅವಳ ಸೆರಗಿನ ತುದಿಯನ್ನು ಹಿಡಿದು ಬೊಗಸೆ ಅಕ್ಕಿ ಹಾಕಿದಳು. ರೋಹಿಣಿ ಥಟ್ಟನೆ ಎದ್ದು ನಿಂತಳು. ಅಕ್ಕಿ ನೆಲದ ಮೇಲೆ ಚೆಲ್ಲಿತು.

ಉಡಿಯ ಅಕ್ಕಿ ನೆಲಕ್ಕೆ ಬೀಳುವುದು ಎಂದರೆ ಏನೆಂದು ನಮ್ಮ ಕಡೆಯ ಓದುಗರಿಗೆ ಹೇಳಬೇಕಿಲ್ಲ. ಯಾರೋ ಹಿಂದಿನಿಂದ ‘ತವರು ಬ್ಯಾಡ ಅಂದ್ಲಲ್ಲವಾ’ ಎಂದರು. ಬನಶಂಕರೆವ್ವ ತಾಟನ್ನು ಕೆಳಗಿಟ್ಟಳು. ಆಕೆ ಹೇಳಿದ ಮಾತು ಇಷ್ಟು: ‘ಬಿಡ್ರಿ. ಹೊರಗಿನವರಿಗೆ ಏನ ತಿಳೀತೈತಿ.’

ರೋಹಿಣಿ ಬಗ್ಗಿ ಚೆಲ್ಲಿದ ಅಕ್ಕಿಯನ್ನೆಲ್ಲ ಕೈಯಿಂದ ಬಳಿದು ತಾಟಿಗೆ ಹಾಕಿ ಹಿತ್ತಲಿಗೆ ಹೋದಳು. ಹೊರಗಿನವರು ಎಂಬ ಮಾತನ್ನು ಅವಳು ಕಡುನಾದಲ್ಲಿ ಒಂದು ಭಾಷೆಯಲ್ಲಿ, ಮ್ವಾಂಝಾದಲ್ಲಿ ಇನ್ನೊಂದರಲ್ಲಿ, ಬಾಂಡುಂಗ್‌ನಲ್ಲಿ ಮತ್ತೊಂದರಲ್ಲಿ ಕೇಳಿದ್ದಳು. ತನ್ನ ತಾಯಿಯ ಭಾಷೆಯಲ್ಲಿ ಕೇಳಿದ್ದು ಅಂದೇ ಮೊದಲು. ಇದನ್ನು ಅವಳೇ ನನಗೆ ಹೇಳಿದ್ದಾಳೆ.

2022ರ ಸೆಪ್ಟೆಂಬರ್ 12, ಸೋಮವಾರ, ಅವಳು ಮುಂಡರಗಿಗೆ ಹೋದಳು. ಅಲ್ಲಿಯ ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತ್ತು. ಆ ಶಾಲೆಯ ಅರ್ಜಿಯಲ್ಲಿ ‘ಸ್ವಂತ ಊರು’ ಎಂಬಲ್ಲಿ ಏನು ಬರೆಯುವುದೆಂದು ತಿಳಿಯದೆ ಖಾಲಿ ಬಿಟ್ಟಳು. ಗುಮಾಸ್ತನು ಅಲ್ಲಿ ‘ಇಲ್ಲ’ ಎಂದು ಬರೆದುಕೊಂಡನು. ನಾನು ಮೂವತ್ತೆಂಟು ವರ್ಷ ಸರ್ಕಾರಿ ನೌಕರಿ ಮಾಡಿದವನು. ಅರ್ಜಿಯಲ್ಲಿ ಖಾಲಿ ಬಿಟ್ಟದ್ದಕ್ಕೂ ಇಲ್ಲ ಎಂದದ್ದಕ್ಕೂ ವ್ಯತ್ಯಾಸ ತಿಳಿಯದವನು ಲೇಖನಿ ಹಿಡಿಯಬಾರದು ಎಂಬುದು ನನ್ನ ಅಭಿಪ್ರಾಯ.

ಬಾಡಿಗೆಗೆ ಒಂದು ಕೋಣೆ ಸಿಕ್ಕದ್ದು ಮಕ್ತುಮಸಾಬ ಎಂಬ ಹಳೆಯ ದರ್ಜಿಯ ಮನೆಯ ಹಿಂಭಾಗದಲ್ಲಿ. ಆತ ಅವಳನ್ನು ಯಾವೂರೆಂದು ಕೇಳಲಿಲ್ಲವಂತೆ. ‘ಕೊಡ ಎಷ್ಟ ತಂದೀರಿ? ಎರಡ? ಸಾಲೂದಿಲ್ರಿ. ನಳಾ ಬಂದಾಗ ತುಂಬಿ ಇಟ್ಕೊಂಡ್ರ ಮುಗೀತು, ಆಮ್ಯಾಲೆ ನಾನೂ ನೀರು ಕೊಡಾಂಗಿಲ್ಲ, ಹೇಳಿಬಿಡ್ತೀನಿ’ ಎಂದನಂತೆ. ಅವಳು ಅಂದೇ ಮೂರನೆಯ ಕೊಡ ಕೊಂಡಳು.

ಸುಮಾರು ಮೂರು ವರ್ಷ ಹೀಗೆ ಕಳೆಯಿತು. ನಾನು ಮುಂಡರಗಿಯ ದಾರಿಯಲ್ಲಿ ಹೋದಾಗ ನಾಲ್ಕು ಸಲ ಅವಳನ್ನು ಕಂಡು ಬಂದೆ. ಶಾಲೆ, ಕೋಣೆ. ಭಾನುವಾರ ಬಟ್ಟೆ ಒಗೆಯುವುದು. ಗೋಡೆಯ ಮೇಲೆ ಏನೂ ಇರಲಿಲ್ಲ, ಒಂದು ಕ್ಯಾಲೆಂಡರೂ ಇರಲಿಲ್ಲ. ಯಾಕೆಂದು ಕೇಳಿದರೆ, ಮೊಳೆ ಹೊಡೆಯುವ ರೂಢಿ ತಮ್ಮ ಮನೆಯಲ್ಲಿ ಇರಲಿಲ್ಲ, ಎಲ್ಲ ಮನೆಗಳೂ ಗಿರಣಿಯವರವು ಎಂದಳು. ಅವಳ ಫೋನಿನಲ್ಲಿ ಐದು ದೇಶದ ನಂಬರುಗಳಿದ್ದವು. ಹೊಸ ವರ್ಷಕ್ಕೆ ಇಬ್ಬರೋ ಮೂವರೋ ಶುಭಾಶಯ ಕಳಿಸುತ್ತಿದ್ದರಂತೆ. ಜ್ವರ ಬಂದಾಗ ಫೋನ್ ಮಾಡಬಹುದಾದ ನಂಬರು ಅದರಲ್ಲಿ ಒಂದೂ ಇಲ್ಲವೆಂದು ಅವಳು ದೂರಿನಂತೆ ಹೇಳಲಿಲ್ಲ, ಒಂದು ಮಾಹಿತಿಯಾಗಿ ಹೇಳಿದಳು. ಬೆಟಗೇರಿಯ ಮಾತು ತೆಗೆದರೆ ಚಹಾ ಮಾಡಲು ಏಳುತ್ತಿದ್ದಳು.

ಬನಶಂಕರೆವ್ವನೂ ಹಾಗೆಯೇ. ರೋಹಿಣಿಯ ಹೆಸರು ತೆಗೆದರೆ ‘ನಮ್ಮನ್ನ ಬ್ಯಾಡ ಅಂದಾಕಿ ಸುದ್ದಿ ನಮಗ್ಯಾಕ್ರಿ’ ಎಂದು ಎದ್ದುಹೋಗುತ್ತಿದ್ದಳು. ಎದ್ದು ಬಾಗಿಲವರೆಗೆ ಹೋಗಿ, ತಿರುಗಿ, ‘ಉಣ್ಣಾಕ ಏನ ಮಾಡ್ಕೋತಾಳಂತ?’ ಎಂದು ಕೇಳುತ್ತಿದ್ದಳು.

ಕಳೆದ ವರ್ಷ, 2025ರ ಜುಲೈ 20ರ ಭಾನುವಾರ, ಬನಶಂಕರೆವ್ವ ನಮ್ಮ ಮನೆಗೆ ಬಂದಳು. ಆಕೆಗೆ ಈಗ ಎಪ್ಪತ್ತಾರು. ಪಂಚಮಿಗೆ ಒಂಬತ್ತು ದಿನವಿತ್ತು.

‘ಮಾಸ್ತರ, ಒಂದು ಪತ್ರ ಬರೀಬೇಕ್ರಿ. ಪಂಚಮಿಗೆ ಬಾ ಅಂತ.’

‘ಮುತ್ತುರಾಜನ ಫೋನ್ ಐತಲ್ಲ?’

‘ಫೋನಿನ್ಯಾಗ ಕರದ್ರ ಕರದಂಗ ಆಗಾಂಗಿಲ್ಲ. ಬರೀರಿ. ನೀವ ಅಲ್ಲೇನ ಅವರಿಗೆಲ್ಲ ಬರೀತಿದ್ದವರು.’

ನಾನು ಕಾಗದ ತೆಗೆದುಕೊಂಡೆ. ಉಡಿಯ ವಿಷಯವಾಗಿ ಏನು ಬರೆಯಲಿ ಎಂದು ಕೇಳಿದೆ.

‘ಏನೂ ಬರೀಬ್ಯಾಡ್ರಿ. ಮನ್ಯಾಗ ಇಟ್ಕೊಳ್ಳಾಕ ಉಡಿ ತುಂಬಾಕ ಹೋದ್ರ ಕುಡಗೋಲು ನೋಡಿದಂಗ ನೋಡಿದ್ಲು. ಅಂಥಾದ್ದು ಏನ ಮಾಡಿದ್ನಿರಿ ನಾನು? ನೀವರ ಹೇಳ್ರಿ.’

ಆಗ ನನಗೆ ಮ್ವಾಂಝಾದ ತೆಂಗಿನಕಾಯಿ ನೆನಪಾಯಿತು. ಮೂವತ್ತು ವರ್ಷ ಹಿಂದೆ ನಾನೇ ಓದಿ, ನಕ್ಕು, ಮಡಿಸಿಟ್ಟ ಪತ್ರ. ಆ ಮೂರು ವರ್ಷಗಳಲ್ಲಿ ಒಮ್ಮೆಯೂ ಆ ಪತ್ರವನ್ನೂ ಈ ಜಗಳವನ್ನೂ ನಾನು ಪಕ್ಕಪಕ್ಕದಲ್ಲಿಟ್ಟು ನೋಡಿರಲಿಲ್ಲ. ಇತರರ ತಪ್ಪುಗಳನ್ನು ಬರೆದವನು ಇದನ್ನೂ ಬರೆಯಬೇಕು: ಬೇಕಾದ ಸಂಗತಿಗಳೆಲ್ಲ ಇದ್ದದ್ದು ನನ್ನೊಬ್ಬನ ಬಳಿಯೇ, ಹಾಗೂ ನಾನು ಅವನ್ನು ಉಪಯೋಗಿಸಲಿಲ್ಲ.

ಬನಶಂಕರೆವ್ವನಿಗೆ ಎಲ್ಲ ಹೇಳಿದೆ. ತುಂಬುವವರಿಲ್ಲದೆ ಶಿವಲಕ್ಷ್ಮಿ ತಾನೇ ತುಂಬಿದ್ದು; ಆ ಮನೆಯಲ್ಲಿ ಅಕ್ಕಿ, ಕಾಯಿ ತಾಟಿಗೆ ಬಂದವೆಂದರೆ ಮರುದಿನ ಊರು ಬಿಡುವುದೆಂದೇ ಮಗು ತಿಳಿದದ್ದು; ಬೇರೆ ಉಡಿಯನ್ನು ಅದು ನೋಡಿಯೇ ಇರಲಿಲ್ಲವೆಂಬುದು.

‘ಅಂದ್ರ ನಾ ಆಕಿನ್ನ ಕಳಸಾಕತ್ತೀನಿ ಅಂತ ತಿಳದ್ಲಾ?’

‘ಹೌದು.’

‘ಹತ್ತು ಮಂದಿ ಮುಂದ?’

‘ಹೌದು.’

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ‘ಕಾಗದ ಒಳಗ ಇಡ್ರಿ. ಪತ್ರ ಬ್ಯಾಡ. ನಾನ ಹೊಕ್ಕೀನಿ. ನೀವು ಜೋಡಿ ಬರ್ರಿ, ನನಗ ಮನಿ ಗೊತ್ತಿಲ್ಲ.’

ಜುಲೈ 27ರ ಭಾನುವಾರ ಬೆಳಿಗ್ಗೆ ಹೊರಟೆವು. ನಾನು ಹೋದಾಗ ಸೊಸೆ ಒಂದು ಕೈಚೀಲ ತುಂಬುತ್ತಿದ್ದಳು: ಪಂಚಮಿಯ ಉಂಡಿ, ಕೊಬ್ಬರಿ ಬಟ್ಟಲು, ಒಂದು ಸೇರು ಅಕ್ಕಿ, ಹೊಸ ಖಣ. ಬನಶಂಕರೆವ್ವ ಅದನ್ನು ನೋಡಿ ಒಂದೊಂದನ್ನೇ ಹೊರಗೆ ತೆಗೆದಿಟ್ಟಳು. ಸೊಸೆ ಗಾಬರಿಯಾದಳು. ‘ಅಯ್ಯ ಅತ್ತಿ, ಬರಿಗೈಲೆ ಹೊಕ್ಕೀರೇನ್ರಿ? ಮಂದಿ ಏನಂತಾರ?’ ಹಿರಿಯ ಹೆಣ್ಣುಮಗಳು ಬರಿಗೈಯಲ್ಲಿ ಮಗಳ ಮನೆಯ ಹೊಸ್ತಿಲು ತುಳಿಯುವುದನ್ನು ನನ್ನ ಎಂಬತ್ತೊಂದು ವರ್ಷಗಳಲ್ಲಿ ನಾನು ಕಂಡಿರಲಿಲ್ಲ. ‘ಮಂದಿ ಅನ್ನೂದು ಮುಗದೈತಿ’ ಎಂದು ಆಕೆ ಖಾಲಿ ಚೀಲವನ್ನೂ ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿದಳು. ಬಸ್ಸಿನಲ್ಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮುಂದಿನ ಆಸನದ ಕಂಬಿಯನ್ನು ಹಿಡಿದು ಕುಳಿತಿದ್ದಳು.

ರೋಹಿಣಿ ಬಾಗಿಲು ತೆರೆದಳು. ಮೊದಲು ನನ್ನನ್ನು ನೋಡಿದಳು, ಆಮೇಲೆ ನನ್ನ ಹಿಂದೆ.

‘ನೋಡವಾ,’ ಬನಶಂಕರೆವ್ವ ಎರಡೂ ಅಂಗೈ ಮುಂದೆ ಚಾಚಿದಳು, ‘ಏನೂ ತಂದಿಲ್ಲ. ಅಕ್ಕಿ ಇಲ್ಲ, ಕಾಯಿ ಇಲ್ಲ. ಅಂಜಬ್ಯಾಡ.’

ರೋಹಿಣಿ ನನ್ನ ಕಡೆ ತಿರುಗಿದಳು. ‘ಮಾಸ್ತರ, ಹೇಳಿದ್ರೇನ್ರಿ?’

‘ಹೇಳಿದ್ರು,’ ಎಂದಳು ಬನಶಂಕರೆವ್ವ. ‘ಕಾಯಿ ಮುಚ್ಚಿಟ್ಟಿದ್ಯಂತಲ್ಲ, ಕಳ್ಳಿ? ನಮ್ಮ ಮನ್ಯಾಗೂ ಮುಚ್ಚಿಡಬೇಕಿತ್ತು, ಇಬ್ಬರೂ ಹುಡುಕ್ಯಾಡತಿದ್ವಿ.’

ರೋಹಿಣಿ ನಕ್ಕಳೋ ಅತ್ತಳೋ ನಾನು ಖಚಿತವಾಗಿ ಹೇಳಲಾರೆ. ನಾನು ಅಂಗಳದ ಕಡೆ ನೋಡುತ್ತಿದ್ದೆ. ಕೋಣೆಯೊಳಗೆ ಕುರ್ಚಿ ಒಂದೇ ಇತ್ತು. ನನ್ನನ್ನು ಅದರ ಮೇಲೆ ಕೂರಿಸಿ ಅವರಿಬ್ಬರೂ ನೆಲದ ಮೇಲೆ ಕುಳಿತರು.

‘ಅವತ್ತ ತುಂಬಾಕ ಬಂದಿದ್ದು ಕಳಸಾಕಲ್ಲ,’ ಬನಶಂಕರೆವ್ವ ಹೇಳಿದಳು. ‘ಮನ್ಯಾಗ ಇರೂ ಹೆಣಮಕ್ಕಳಿಗಷ್ಟ ಅವತ್ತ ತುಂಬೂದು. ನಿನಗ ಹೇಳಬೇಕಿತ್ತು, ಹೇಳಲಿಲ್ಲ. ಗೊತ್ತ ಇರತೈತಿ ಅಂದ್ಕೊಂಡೆ.’

‘ಗೊತ್ತಿರಲಿಲ್ಲ ದೊಡ್ಡವ್ವ. ನಮ್ಮವ್ವ ಊರು ಬಿಡೂ ಹೊತ್ತಿಗೆ ಅಷ್ಟ ತುಂಬತಿದ್ಲು.’

‘ಈಗ ಗೊತ್ತಾತಲ್ಲ. ಗಂಟು ಕಟ್ಟು. ಮನಿಗೆ ನಡಿ. ಮುತ್ತೂಗ ಹೇಳಿ ಮಗ್ಗದ ಖೋಲ್ಯಾಗ ಗ್ವಾಡಿ ಕಟ್ಟಸ್ತೀನಿ, ನಿಮ್ಮಪ್ಪನ ಖೋಲಿ ಎಲ್ಲಿತ್ತೋ ಅಲ್ಲೇ.’

ಮೂರು ವರ್ಷಗಳ ಹಿಂದೆ ಈ ಮಾತು ಬಂದಿದ್ದರೆ ಅವಳು ಅಂದೇ ಎದ್ದು ಬರುತ್ತಿದ್ದಳು. ಹೊರಗೆ ಮಕ್ತುಮಸಾಬ ಯಾರಿಗೋ ನಳ ಬಂದಿದೆಯೆಂದು ಕೂಗಿ ಹೇಳುತ್ತಿದ್ದ. ಅವಳು ಎದ್ದುಹೋಗಿ ಕೊಡವನ್ನು ನಳದ ಕೆಳಗಿಟ್ಟು ಬಂದಳು.

‘ಪಂಚಮಿಗೆ ಬರ್ತೀನಿ ದೊಡ್ಡವ್ವ. ಎರಡು ದಿನ. ಇರಾಕ ಬರೂದಿಲ್ಲ.’

‘ಇನ್ನೂ ಸಿಟ್ಟೈತೇನ?’

‘ಸಿಟ್ಟಲ್ಲ. ಆರು ಊರು ಬಿಟ್ಟೀನಿ. ಒಂದನ್ನೂ ನಾನಾಗೇ ಬಿಟ್ಟಿದ್ದಲ್ಲ, ಎಲ್ಲಾ ಬಿಡಿಸಿದ್ದು. ಈ ಊರು ಬಿಡು ಅಂತ ಇಲ್ಲಿ ಯಾರೂ ಹೇಳಿಲ್ಲ. ಮತ್ತ ನಾ ಯಾಕ ಬಿಡ್ಲಿ?’

‘ಇಲ್ಲಿ ಯಾರದಾರ ನಿನಗ?’

‘ಯಾರೂ ಇಲ್ಲ.’

ಬನಶಂಕರೆವ್ವ ವಾದಿಸಲಿಲ್ಲ. ಕೋಣೆಯನ್ನು ಸುತ್ತಲೂ ನೋಡಿದಳು; ಖಾಲಿ ಗೋಡೆ, ಮೂರು ಕೊಡ, ಕಿಟಕಿಯ ಬಳಿ ತಿದ್ದಲು ಇಟ್ಟ ಮಕ್ಕಳ ಪುಸ್ತಕಗಳು. ಆಮೇಲೆ ಹೇಳಿದಳು: ‘ಹಂಗಾರ ರೊಟ್ಟಿ ಬಡಿ. ಮುಂಜಾನಿಂದ ಏನೂ ತಿಂದಿಲ್ಲ. ಮನಿಗೆ ಪಾವಣೇರು ಬಂದ್ರ ನಿಮ್ಮ ಊರಾಗ ಹಿಂಗ ಉಪಾಸ ಕೆಡವ್ತಾರೇನ?’

ರೋಹಿಣಿ ಹಿಟ್ಟು ನಾದಿದಳು. ಮೊದಲ ರೊಟ್ಟಿ ಹರಿಯಿತು. ಬನಶಂಕರೆವ್ವ ಕುಳಿತಲ್ಲೇ ಕೈಯಾಡಿಸುತ್ತ ‘ನೀರು ಕುದಿಲಿಲ್ಲ, ಹಿಟ್ಟು ಜಿಗಿ ಇಲ್ಲ, ಕಲಿಸಿದವರು ಯಾರೋ’ ಎಂದು ಬೈಯುತ್ತಿದ್ದಳೇ ಹೊರತು ಎದ್ದು ಸಹಾಯ ಮಾಡಲಿಲ್ಲ. ಬಡಿಸಿದ್ದನ್ನು ಪೂರ್ತಿ ಉಂಡಳು, ಎರಡನೆಯ ಸಲ ಪಲ್ಯ ಕೇಳಿ ಹಾಕಿಸಿಕೊಂಡಳು. ಊಟವಾದ ಮೇಲೆ ಅಲ್ಲೇ ಚಾಪೆಯ ಮೇಲೆ ಒಂದು ಗಂಟೆ ಮಲಗಿದಳು. ರೋಹಿಣಿ ಪುಸ್ತಕ ತಿದ್ದುತ್ತ, ಹಾಳೆ ತಿರುಗಿಸುವಾಗ ಸಪ್ಪಳವಾಗದಂತೆ ನೋಡಿಕೊಳ್ಳುತ್ತಿದ್ದಳು.

ನಾಲ್ಕು ಗಂಟೆಯ ಬಸ್ಸಿಗೆ ಅವಳು ನಮ್ಮೊಂದಿಗೆ ನಿಲ್ದಾಣದವರೆಗೆ ಬಂದಳು. ಬನಶಂಕರೆವ್ವನನ್ನು ಹತ್ತಿಸಿ, ಕಿಟಕಿಯ ಬದಿಗೆ ಕೂರಿಸಿ, ಇಳಿದು ನಿಂತಳು. ನಾನು ಹತ್ತುವ ಮೊದಲು ಮೆಲ್ಲಗೆ ಕೇಳಿದಳು: ‘ಮಾಸ್ತರ, ಕಳಸಾಕ ಬಂದವರು ಯಾವಾಗ ಹೊಳ್ಳಿ ಹೋಗಬೇಕ್ರಿ?’

ಅವಳು ತಮಾಷೆಗೆ ಕೇಳಿರಲಿಲ್ಲ. ಅವಳ ನಲವತ್ತೆರಡು ವರ್ಷಗಳಲ್ಲಿ ಯಾವಾಗಲೂ ವಾಹನದ ಒಳಗೆ ಕುಳಿತು ಹಿಂದೆ ನೋಡಿದವಳು ಅವಳು. ಹೊರಗೆ ನಿಂತು ಅಭ್ಯಾಸವಿರಲಿಲ್ಲ. ಬಸ್ಸು ಹೊರಟ ಮೇಲೆ ಎಂದು ಹೇಳಿದೆ.

ಬಸ್ಸು ಹೊರಟಿತು. ಅವಳು ಹೋಗಲಿಲ್ಲ. ಮಳೆ ಬಾರದ ಶ್ರಾವಣದ ಬಿಸಿಲು ಇನ್ನೂ ಇಳಿದಿರಲಿಲ್ಲ. ತಲೆಯ ಮೇಲೆ ಸೆರಗನ್ನೂ ಹಾಕಿಕೊಳ್ಳದೆ, ಒಂದು ಕೈ ಅರ್ಧ ಎತ್ತಿ, ಅದನ್ನು ಇಳಿಸಬೇಕೋ ಬೇಡವೋ ಎಂಬಂತೆ ನಿಂತಿದ್ದಳು. ಬಸ್ಸು ತಿರುಗಿಕೊಳ್ಳಲು ಒಂದು ಕ್ಷಣ ನಿಧಾನಿಸಿತು. ಬನಶಂಕರೆವ್ವ ಕಿಟಕಿಯ ಕಂಬಿಗಳ ನಡುವೆ ಮುಖವಿಟ್ಟು, ಬಸ್ಸಿನವರೆಲ್ಲ ತಿರುಗಿ ನೋಡುವಂತೆ ಕೂಗಿದಳು:

‘ಬಿಸಲಾಗ ಯಾಕ ನಿಂತೀಯವಾ? ಸಾಕು, ಮನಿಗೆ ಹೋಗು!’

ರೋಹಿಣಿ ಕೈ ಇಳಿಸಿದಳು. ನಂತರ ತಿರುಗಿ, ಮಕ್ತುಮಸಾಬನ ಓಣಿಯ ಕಡೆ ನಡೆಯತೊಡಗಿದಳು.